ಜಿಮ್ಮಿ ಕಾರ್ಟರ್: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ 39ನೇ ಅಧ್ಯಕ್ಷ ಜಿಮ್ಮಿ ಕಾರ್ಟರ್ 2024ರ ಡಿಸೆಂಬರ್ 29ರಂದು ತೀರಿಕೊಂಡರು. ಆಗ ಅವರಿಗೆ ನೂರು ತುಂಬಿ ಮೂರು ತಿಂಗಳಾಗುತ್ತಾ ಬಂದಿತ್ತು. ಅಧಿಕಾರದಲ್ಲಿ ಇದ್ದದ್ದು ನಾಲ್ಕೇ ವರ್ಷ. ಆಮೇಲೆ ಬದುಕಿದ್ದು ಸುಮಾರು ನಲವತ್ನಾಲ್ಕು ವರ್ಷ. "ಅಧ್ಯಕ್ಷರಾಗಿ ಫೇಲು, ಮಾಜಿಯಾಗಿ ಪಾಸು" ಅಂತ ಅವರ ಬಗ್ಗೆ ಒಂದು ಮಾತಿದೆ. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ಎರಡೂ ಕಡೆ ಇದ್ದದ್ದು ಒಬ್ಬನೇ ಮನುಷ್ಯ, ಅದೇ ಹಟ. ಕೆಳಗಿನ ಉತ್ತರಗಳನ್ನು ಓದಿ, ನಿಮಗೇ ಗೊತ್ತಾಗುತ್ತದೆ.

ಅವರು ನಿಜವಾಗಲೂ ಕಡಲೆಕಾಯಿ ಬೆಳೆಯುವ ರೈತರಾಗಿದ್ದರಾ?

ಹೌದು, ಆದರೆ ಬಡ ರೈತ ಅಂದುಕೊಳ್ಳಬೇಡಿ. ಜಾರ್ಜಿಯಾ ರಾಜ್ಯದ ಪ್ಲೇನ್ಸ್ ಅನ್ನೋ ಪುಟ್ಟ ಊರಿನಲ್ಲಿ 1924ರ ಅಕ್ಟೋಬರ್ 1ರಂದು ಹುಟ್ಟಿದರು. ಆಸ್ಪತ್ರೆಯಲ್ಲಿ ಹುಟ್ಟಿದ ಮೊದಲ ಅಮೆರಿಕದ ಅಧ್ಯಕ್ಷ ಅವರೇ. ಬೆಳೆದದ್ದು ಪಕ್ಕದ ಆರ್ಚರಿ ಎಂಬ ಹಳ್ಳಿಯಲ್ಲಿ. ಅಪ್ಪನಿಗೆ ಜಮೀನಿತ್ತು, ಅಂಗಡಿ ಇತ್ತು, ಗೇಣಿಗೆ ದುಡಿಯುವ ಕುಟುಂಬಗಳಿದ್ದವು. ಆದರೂ ಮನೆಗೆ ಬಹಳ ವರ್ಷ ಕರೆಂಟ್ ಇರಲಿಲ್ಲ. ಹುಡುಗ ಜಿಮ್ಮಿ ಹೊಲದಿಂದ ಕಡಲೆಕಾಯಿ ಕಿತ್ತು, ಬೇಯಿಸಿ, ಪೊಟ್ಟಣ ಕಟ್ಟಿ ಪ್ಲೇನ್ಸ್ ಬೀದಿಯಲ್ಲಿ ಮಾರುತ್ತಿದ್ದ. ದೊಡ್ಡವರಾದ ಮೇಲೆ ಬೀಜದ ಕಡಲೆಕಾಯಿ ವ್ಯಾಪಾರ, ಗೋದಾಮು ಎಲ್ಲ ನಡೆಸಿದರು. ಹಾಗಾಗಿ ರೈತ ಅನ್ನೋದರ ಜೊತೆ ವ್ಯಾಪಾರಿ ಅಂತಲೂ ಸೇರಿಸಬೇಕು.

ಪೂರ್ತಿ ಹೆಸರೇನು?

ಜೇಮ್ಸ್ ಅರ್ಲ್ ಕಾರ್ಟರ್ ಜೂನಿಯರ್. ಪ್ರಮಾಣವಚನ ತೆಗೆದುಕೊಳ್ಳುವಾಗಲೂ ಜಿಮ್ಮಿ ಅಂತಲೇ ಹೇಳಿಕೊಂಡರು.

ಅವರು ಪರಮಾಣು ವಿಜ್ಞಾನಿ ಅಂತಾರಲ್ಲ?

ಸ್ವಲ್ಪ ಉಬ್ಬಿಸಿದ ಮಾತು. ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ ಓದಿ 1946ರಲ್ಲಿ ಹೊರಬಂದರು. ಸಬ್‌ಮರೀನ್‌ಗಳಲ್ಲಿ ಕೆಲಸ ಮಾಡಿದರು. ಆಮೇಲೆ ಹೈಮನ್ ರಿಕೋವರ್ ಅನ್ನೋ ಮಹಾ ಬಿಗಿ ಅಧಿಕಾರಿಯ ಕೈಕೆಳಗೆ ಅಣುಶಕ್ತಿ ಸಬ್‌ಮರೀನ್ ಯೋಜನೆಗೆ ಸೇರಿದರು. ರಿಯಾಕ್ಟರ್ ವಿಷಯ ಓದಿಕೊಂಡಿದ್ದು ನಿಜ. ಆದರೆ ಅಣುಶಕ್ತಿ ಸಬ್‌ಮರೀನ್ ನೀರಿಗಿಳಿಯುವ ಮೊದಲೇ ನೌಕಾಪಡೆ ಬಿಟ್ಟಿದ್ದರು.

ಒಂದು ಘಟನೆ ಮಾತ್ರ ಹೇಳಲೇಬೇಕು. 1952ರ ಡಿಸೆಂಬರ್‌ನಲ್ಲಿ ಕೆನಡಾದ ಚಾಕ್ ರಿವರ್‌ನಲ್ಲಿ ಒಂದು ಅಣು ರಿಯಾಕ್ಟರ್ ಕೆಟ್ಟು ಅದರ ಒಡಲಿನ ಒಂದು ಭಾಗ ಕರಗಿಹೋಯಿತು. ಬಿಚ್ಚಿ ಸ್ವಚ್ಛ ಮಾಡುವ ಕೆಲಸಕ್ಕೆ ಕಾರ್ಟರ್ ತಂಡವೂ ಹೋಯಿತು. ಒಳಗೆ ಒಬ್ಬರು ಒಂದೂವರೆ ನಿಮಿಷಕ್ಕಿಂತ ಜಾಸ್ತಿ ನಿಲ್ಲುವಂತಿರಲಿಲ್ಲ, ವಿಕಿರಣ ಅಷ್ಟಿತ್ತು. ಅದಕ್ಕೆ ಹತ್ತಿರದ ಟೆನಿಸ್ ಅಂಗಳದಲ್ಲಿ ರಿಯಾಕ್ಟರ್‌ನ ಮಾದರಿ ಕಟ್ಟಿ ಅಭ್ಯಾಸ ಮಾಡಿದರು. ಆಮೇಲೆ ಒಳಗೆ ಓಡಿ, ಒಂದೆರಡು ಬೋಲ್ಟ್ ಬಿಚ್ಚಿ, ಹೊರಗೆ ಓಡಿ ಬರುವುದು. ಆ ಮೇಲೆ ಎಷ್ಟೋ ತಿಂಗಳು ತಮ್ಮ ಮೂತ್ರದಲ್ಲಿ ವಿಕಿರಣ ಕಾಣಿಸುತ್ತಿತ್ತು ಅಂತ ಕಾರ್ಟರ್ ಹೇಳುತ್ತಿದ್ದರು. ಅಂಥವರು ನೂರು ವರ್ಷ ಬದುಕಿದರು ನೋಡಿ.

ಅಷ್ಟು ಒಳ್ಳೆ ನೌಕರಿ ಬಿಟ್ಟದ್ದು ಯಾಕೆ?

1953ರಲ್ಲಿ ಅಪ್ಪ ಕ್ಯಾನ್ಸರ್‌ನಿಂದ ತೀರಿಕೊಂಡರು. ಕೊನೆಯ ದಿನಗಳಲ್ಲಿ ಊರಿನವರು ಒಬ್ಬೊಬ್ಬರಾಗಿ ಬಂದು, ನಿಮ್ಮಪ್ಪ ನಮಗೆ ಹೀಗೆ ಸಹಾಯ ಮಾಡಿದ್ದರು ಅಂತ ಹೇಳಿ ಹೋಗುತ್ತಿದ್ದರು. ಅದು ಮಗನ ಮನಸ್ಸಿಗೆ ತಟ್ಟಿತು. ಊರಿಗೆ ವಾಪಸ್ ಹೋಗೋಣ ಅಂತ ತೀರ್ಮಾನ ಮಾಡಿಬಿಟ್ಟರು, ಹೆಂಡತಿಯನ್ನು ಕೇಳದೆ! ರೋಸಲಿನ್‌ಗೆ ಸಿಟ್ಟು ಬಂತು. ಊರಿಗೆ ಹೋಗುವ ದಾರಿಯುದ್ದಕ್ಕೂ ಗಂಡನ ಜೊತೆ ಸರಿಯಾಗಿ ಮಾತಾಡಲಿಲ್ಲವಂತೆ. ಬಂದ ಮೇಲೆ ಬರಗಾಲ. ಸರ್ಕಾರ ಬಡವರಿಗೆ ಕಟ್ಟಿಸಿದ ಮನೆಯಲ್ಲಿ ಬಾಡಿಗೆಗಿದ್ದರು. ಕೊನೆಗೆ ವ್ಯಾಪಾರ ಕೈಹಿಡಿದದ್ದು ರೋಸಲಿನ್ ಲೆಕ್ಕಪತ್ರ ನೋಡಿಕೊಳ್ಳಲು ಶುರು ಮಾಡಿದ ಮೇಲೆ. ಈ ದಂಪತಿಯ ಮದುವೆ ಆದದ್ದು 1946ರಲ್ಲಿ. 77 ವರ್ಷ ಜೊತೆಗಿದ್ದರು. ಅಮೆರಿಕದ ಬೇರೆ ಯಾವ ಅಧ್ಯಕ್ಷ ದಂಪತಿಯೂ ಅಷ್ಟು ವರ್ಷ ಬಾಳಿಲ್ಲ.

ಅವರ ಮೊದಲ ಚುನಾವಣೆಯಲ್ಲಿ ಸತ್ತವರೂ ಮತ ಹಾಕಿದ್ದರಂತೆ?

ಹಾಕಿದ್ದರು, ಅದೂ ಅಕ್ಷರಮಾಲೆಯ ಕ್ರಮದಲ್ಲಿ. 1962ರಲ್ಲಿ ಜಾರ್ಜಿಯಾ ರಾಜ್ಯದ ಶಾಸನಸಭೆಯ ಮೇಲ್ಮನೆ ಸೆನೆಟ್‌ಗೆ ನಿಂತರು. ಕ್ವಿಟ್‌ಮನ್ ಕೌಂಟಿಯಲ್ಲಿ ಜೋ ಹರ್ಸ್ಟ್ ಎಂಬ ಸ್ಥಳೀಯ ಪುಢಾರಿ ಮತಗಟ್ಟೆಯಲ್ಲೇ ನಿಂತು, ಜನ ಯಾರಿಗೆ ಹಾಕುತ್ತಾರೆ ಅಂತ ಕಣ್ಣೆದುರೇ ನೋಡುತ್ತಿದ್ದ. ಬಂದ ಮತದಾರರಿಗಿಂತ ಪೆಟ್ಟಿಗೆಯಲ್ಲಿದ್ದ ಮತಗಳೇ ಜಾಸ್ತಿ. ಕಾರ್ಟರ್ ಸೋತರು ಅಂತ ಘೋಷಣೆಯಾಯಿತು. ಅವರು ಸುಮ್ಮನಿರಲಿಲ್ಲ. ಸಾಕ್ಷಿಗಳನ್ನು ಹುಡುಕಿ, ಪತ್ರಿಕೆಯವರನ್ನು ಕರೆಸಿ, ಕೋರ್ಟಿಗೆ ಹೋಗಿ ಕೊನೆಗೆ ಗೆದ್ದರು. ನಿವೃತ್ತಿಯಾದ ಮೇಲೆ ದೇಶದೇಶ ಸುತ್ತಿ ಬೇರೆಯವರ ಚುನಾವಣೆ ಕಾಯಲು ಹೋದರಲ್ಲ, ಅದರ ಬೇರು ಇಲ್ಲೇ ಇದೆ ಅನ್ನಿಸುತ್ತದೆ.

ಕಪ್ಪು ಜನರ ವಿಷಯದಲ್ಲಿ ಅವರ ನಿಲುವು ಹೇಗಿತ್ತು?

ಇದಕ್ಕೆ ನೇರ ಉತ್ತರ ಕೊಟ್ಟರೆ ಅಭಿಮಾನಿಗಳಿಗೆ ಬೇಜಾರಾಗಬಹುದು. ಮನುಷ್ಯ ವರ್ಣಭೇದಿ ಅಲ್ಲ. ಐವತ್ತರ ದಶಕದಲ್ಲಿ ಬಿಳಿಯರ ಸಂಘಕ್ಕೆ ಸೇರು ಅಂತ ಊರಿನವರು ಒತ್ತಾಯಿಸಿದಾಗ ಒಪ್ಪಲಿಲ್ಲ. ಅದಕ್ಕೆ ವ್ಯಾಪಾರದಲ್ಲಿ ಬಹಿಷ್ಕಾರವನ್ನೂ ಎದುರಿಸಿದರು.

ಆದರೆ 1966ರಲ್ಲಿ ಗವರ್ನರ್ ಸ್ಥಾನಕ್ಕೆ (ಅಲ್ಲಿ ಅದು ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ನಿಂತು ಸೋತರು. ಆ ಸಲ ಗೆದ್ದದ್ದು ಕಟ್ಟಾ ವರ್ಣಭೇದಿ ಲೆಸ್ಟರ್ ಮ್ಯಾಡಕ್ಸ್. ಮುಂದೆ 1970ರಲ್ಲಿ ಕಾರ್ಟರ್ ಬೇರೆ ದಾರಿ ಹಿಡಿದರು. ವರ್ಣಭೇದ ಬೇಕು ಅನ್ನೋ ಬಿಳಿಯರ ಮತಕ್ಕೆ ಕಣ್ಣು ಹಾಯಿಸಿ, ಅವರಿಗೆ ಹಿತವಾಗುವ ಹಾಗೆ ಪ್ರಚಾರ ಮಾಡಿ ಗೆದ್ದರು. ಗೆದ್ದು ಕುರ್ಚಿ ಹತ್ತಿದ ದಿನವೇ, 1971ರ ಜನವರಿಯಲ್ಲಿ, ವರ್ಣಭೇದದ ಕಾಲ ಮುಗಿಯಿತು ಅಂತ ಭಾಷಣ ಮಾಡಿದರು. ಮತ ಹಾಕಿದವರು ಕಕ್ಕಾಬಿಕ್ಕಿ. ಮಾರ್ಟಿನ್ ಲೂಥರ್ ಕಿಂಗ್ ಅವರ ಚಿತ್ರವನ್ನು ರಾಜ್ಯದ ಶಾಸನಭವನದಲ್ಲಿ ಹಾಕಿಸಿದ್ದೂ ಇವರೇ. ಗೆಲ್ಲಲು ಒಂದು ಮಾತು, ಗೆದ್ದ ಮೇಲೆ ಇನ್ನೊಂದು. ಈ ಸಲ ಎರಡನೆಯದು ಒಳ್ಳೆಯದಾಗಿತ್ತು ಅನ್ನೋದಷ್ಟೇ ಸಮಾಧಾನ.

ಯಾರಿಗೂ ಗೊತ್ತಿಲ್ಲದ ಗವರ್ನರ್ ಅಧ್ಯಕ್ಷ ಆಗಿದ್ದು ಹೇಗೆ?

ಕಾಲ ಕೂಡಿ ಬಂತು. ವಾಟರ್‌ಗೇಟ್ ಹಗರಣದಲ್ಲಿ ಅಧ್ಯಕ್ಷ ನಿಕ್ಸನ್ 1974ರಲ್ಲಿ ರಾಜೀನಾಮೆ ಕೊಟ್ಟಿದ್ದರು. ವಿಯೆಟ್ನಾಂನಲ್ಲಿ ಸೋಲಾಗಿತ್ತು. ವಾಷಿಂಗ್ಟನ್ ಅಂದರೆ ಜನಕ್ಕೆ ಹೇಸಿಗೆ. ಆಗ ಇವರು ಬಂದು, ನಾನು ಆ ಊರಿನವನಲ್ಲ, ನಿಮಗೆ ಎಂದೂ ಸುಳ್ಳು ಹೇಳುವುದಿಲ್ಲ ಅಂದರು. "ಜಿಮ್ಮಿ ಯಾರು?" ಅಂತ ಪತ್ರಿಕೆಗಳು ತಮಾಷೆ ಮಾಡಿದವು. ಕಾರ್ಟರ್ ಅಯೋವಾ ರಾಜ್ಯದಲ್ಲಿ ಮನೆಮನೆ ತಿರುಗಿದರು, ಎಷ್ಟೋ ರಾತ್ರಿ ಬೆಂಬಲಿಗರ ಮನೆಯಲ್ಲೇ ಮಲಗಿದರು. ಜಾರ್ಜಿಯಾದ ಗೆಳೆಯರೆಲ್ಲ 'ಕಡಲೆಕಾಯಿ ಪಡೆ' ಅಂತ ಗುಂಪು ಕಟ್ಟಿಕೊಂಡು ಸ್ವಂತ ಖರ್ಚಿನಲ್ಲಿ ಬೇರೆ ರಾಜ್ಯಗಳಿಗೆ ಹೋಗಿ ಪ್ರಚಾರ ಮಾಡಿದರು. 1976ರ ನವೆಂಬರ್‌ನಲ್ಲಿ ಆಗಿನ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ವಿರುದ್ಧ 297–240 ಎಲೆಕ್ಟೋರಲ್ ಮತಗಳಿಂದ (ರಾಜ್ಯಗಳ ಪ್ರತಿನಿಧಿಗಳು ಹಾಕುವ ಮತ) ಗೆದ್ದರು. ಭಾರೀ ಗೆಲುವೇನಲ್ಲ.

ಪ್ರಮಾಣವಚನದ ದಿನ ಕಾರಿನಿಂದ ಇಳಿದು ಹೆಂಡತಿ ಮಕ್ಕಳ ಜೊತೆ ಶ್ವೇತಭವನದವರೆಗೆ ನಡೆದುಕೊಂಡೇ ಹೋದರು. ಮಗಳು ಏಮಿಯನ್ನು ಸರ್ಕಾರಿ ಶಾಲೆಗೆ ಸೇರಿಸಿದರು. ಅಧ್ಯಕ್ಷರ ವಿಹಾರದ ಹಡಗನ್ನು ಮಾರಿದರು.

ಹಾಗಾದರೆ ಎಡವಿದ್ದು ಎಲ್ಲಿ?

ಅವರಿಗೆ ರಾಜಕೀಯದ ಕೊಡು-ಕೊಳ್ಳು ಹಿಡಿಸುತ್ತಿರಲಿಲ್ಲ. ಲೆಕ್ಕ ಸರಿಯಾಗಿದ್ದರೆ ಸಾಕು, ಎಲ್ಲರೂ ಒಪ್ಪಬೇಕು ಅನ್ನೋ ಎಂಜಿನಿಯರ್ ಬುದ್ಧಿ. 1977ರಲ್ಲಿ ಬಂದ ಹೊಸದರಲ್ಲೇ, ದಂಡ ಅಂತ ಅನ್ನಿಸಿದ ಅಣೆಕಟ್ಟು ಮತ್ತು ನೀರಾವರಿ ಯೋಜನೆಗಳ ಪಟ್ಟಿ ಮಾಡಿ ಹಣ ನಿಲ್ಲಿಸಲು ಹೊರಟರು. ಲೆಕ್ಕ ಬಹುಮಟ್ಟಿಗೆ ಸರಿ ಇತ್ತು. ಆದರೆ ಆ ಯೋಜನೆಗಳು ಇದ್ದದ್ದು ಸ್ವಂತ ಪಕ್ಷದ ಸದಸ್ಯರ ಕ್ಷೇತ್ರಗಳಲ್ಲಿ. ಅವರನ್ನು ಮೊದಲೇ ಕರೆದು ಮಾತಾಡಿರಲಿಲ್ಲ. ಯಾವ ಶಾಸಕ ತನ್ನ ಕ್ಷೇತ್ರದ ಅಣೆಕಟ್ಟನ್ನು ಬಿಟ್ಟುಕೊಡುತ್ತಾನೆ ಹೇಳಿ? ಡೆಮಾಕ್ರಟಿಕ್ ಪಕ್ಷದವರೇ ತಿರುಗಿಬಿದ್ದರು. ಆ ಬಿರುಕು ಮುಚ್ಚಲೇ ಇಲ್ಲ. 1980ರಲ್ಲಿ ಸ್ವಂತ ಪಕ್ಷದ ಟೆಡ್ ಕೆನಡಿಯೇ ಅವರ ವಿರುದ್ಧ ನಿಂತರು.

ಇನ್ನು 1979ರ ಜುಲೈ 15ರ ಟಿವಿ ಭಾಷಣ. ಪೆಟ್ರೋಲ್‌ಗೆ ಉದ್ದುದ್ದ ಸಾಲು ನಿಂತಿದ್ದ ಕಾಲ. ನಾವು ಜಾಸ್ತಿ ಬಳಸುತ್ತೇವೆ, ವಸ್ತುಗಳನ್ನು ಪೂಜಿಸುತ್ತೇವೆ, ನಮ್ಮ ಮೇಲೆ ನಮಗೇ ನಂಬಿಕೆ ಹೋಗಿದೆ ಅಂತ ದೇಶಕ್ಕೆ ಬುದ್ಧಿ ಹೇಳಿದರು. ವಿಚಿತ್ರ ಅಂದರೆ ಜನಕ್ಕೆ ಮೊದಲು ಅದು ಹಿಡಿಸಿತ್ತು. ಒಂದೆರಡು ದಿನದಲ್ಲೇ ಇಡೀ ಸಂಪುಟದ ರಾಜೀನಾಮೆ ಕೇಳಿ ಐವರನ್ನು ಬಿಟ್ಟುಕಳಿಸಿದರು. ಸರ್ಕಾರವೇ ಕುಸಿಯುತ್ತಿದೆಯೇನೋ ಅನ್ನೋ ಹಾಗಾಯಿತು.

ಅವರ ಕಾಲದಲ್ಲಿ ಒಳ್ಳೆಯದು ಏನೂ ಆಗಲಿಲ್ವಾ?

ಆಯಿತು, ಸಾಕಷ್ಟು ಆಯಿತು. ಪನಾಮಾ ಕಾಲುವೆಯನ್ನು ಪನಾಮಾ ದೇಶಕ್ಕೆ ವಾಪಸ್ ಕೊಡುವ ಒಪ್ಪಂದ ಸೆನೆಟ್‌ನಲ್ಲಿ 68–32ರಲ್ಲಿ ಪಾಸಾಯಿತು. ಬೇಕಿದ್ದ ಮೂರನೇ ಎರಡು ಪಾಲಿಗಿಂತ ಒಂದೇ ಮತ ಜಾಸ್ತಿ. 1979ರ ಜನವರಿಯಿಂದ ಚೀನಾ ಜೊತೆ ಪೂರ್ಣ ರಾಜತಾಂತ್ರಿಕ ಸಂಬಂಧ ಶುರುವಾಯಿತು. ವಿಮಾನ ಪ್ರಯಾಣದ ದರ, ಮಾರ್ಗಗಳ ಮೇಲಿದ್ದ ಸರ್ಕಾರದ ಹಿಡಿತ ಸಡಿಲವಾಯಿತು. ಇಂಧನಕ್ಕೆ ಒಂದು, ಶಿಕ್ಷಣಕ್ಕೆ ಒಂದು ಪ್ರತ್ಯೇಕ ಇಲಾಖೆ ಬಂತು. ಸೋತು ಮನೆಗೆ ಹೋಗುವ ಮುಂಚೆ, 1980ರ ಡಿಸೆಂಬರ್‌ನಲ್ಲಿ, ಅಲಾಸ್ಕಾದ ಹತ್ತು ಕೋಟಿ ಎಕರೆಗೂ ಹೆಚ್ಚು ನೆಲವನ್ನು ಕಾಪಾಡುವ ಕಾನೂನಿಗೆ ಸಹಿ ಹಾಕಿದರು.

ಕ್ಯಾಂಪ್ ಡೇವಿಡ್‌ನಲ್ಲಿ ನಿಜಕ್ಕೂ ಏನಾಯಿತು?

1978ರ ಸೆಪ್ಟೆಂಬರ್ 5ರಿಂದ 17. ಈಜಿಪ್ಟ್‌ನ ಅನ್ವರ್ ಸಾದತ್, ಇಸ್ರೇಲ್‌ನ ಮೆನಾಹೆಮ್ ಬೆಗಿನ್. ಇಬ್ಬರನ್ನೂ ಮೇರಿಲ್ಯಾಂಡ್‌ನ ಕಾಡಿನಲ್ಲಿರುವ ಅಧ್ಯಕ್ಷರ ತಂಗುದಾಣಕ್ಕೆ ಕರೆಸಿದರು. ಪತ್ರಕರ್ತರಿಗೆ ಪ್ರವೇಶ ಇಲ್ಲ. ಮೊದಲ ಕೆಲವು ದಿನ ಇಬ್ಬರನ್ನೂ ಎದುರುಬದುರು ಕೂರಿಸಿದರೆ ಜಗಳವೇ ಆಯಿತು. ಆಮೇಲೆ ಕಾರ್ಟರ್ ಒಂದು ಮನೆಯಿಂದ ಇನ್ನೊಂದು ಮನೆಗೆ ಕಾಗದ ಹಿಡಿದು ಓಡಾಡಿದರು. ಒಪ್ಪಂದದ ಕರಡು ಇಪ್ಪತ್ತಮೂರು ಸಲ ತಿದ್ದಿದರು. ಪ್ರತಿ ಪದ, ಪ್ರತಿ ನಕ್ಷೆ ತಾವೇ ನೋಡಿದರು. ಶ್ವೇತಭವನದ ಟೆನಿಸ್ ಅಂಗಳ ಯಾರು ಯಾವಾಗ ಬಳಸಬೇಕು ಅನ್ನೋದನ್ನೂ ಈ ಅಧ್ಯಕ್ಷರೇ ನೋಡುತ್ತಾರೆ ಅಂತ ವಾಷಿಂಗ್ಟನ್‌ನಲ್ಲಿ ನಗುತ್ತಿದ್ದರು. ಕಾರ್ಟರ್ ಅದನ್ನು ಅಲ್ಲಗಳೆದಿದ್ದರು ಅನ್ನಿ. ಆದರೆ ಅದೇ ಚಾಳಿ ಇಲ್ಲಿ ಕೆಲಸಕ್ಕೆ ಬಂತು.

ಒಂದು ಹಂತದಲ್ಲಿ ಸಾದತ್ ಪೆಟ್ಟಿಗೆ ಕಟ್ಟಿದರು. ಕಾರ್ಟರ್ ಹೋಗಿ ತಡೆದರು. ಕೊನೇ ದಿನ ಬೆಗಿನ್ ಹೊರಟು ನಿಂತರು. ಬೆಗಿನ್ ಮೊಮ್ಮಕ್ಕಳಿಗೆ ಅಂತ ಫೋಟೋಗಳಿಗೆ ಸಹಿ ಕೇಳಿದ್ದರು. ಕಾರ್ಟರ್ ಒಂದೊಂದು ಮಗುವಿನ ಹೆಸರನ್ನೂ ವಿಚಾರಿಸಿ, ಬರೆದು, ತಾವೇ ಕೈಯಲ್ಲಿ ಕೊಟ್ಟರು. ಬೆಗಿನ್ ಹೆಸರುಗಳನ್ನು ಓದುತ್ತಾ ಕಣ್ಣೀರಾದರು, ಮಾತುಕತೆ ಮತ್ತೆ ಶುರುವಾಯಿತು. 1979ರ ಮಾರ್ಚ್ 26ರಂದು ಈಜಿಪ್ಟ್-ಇಸ್ರೇಲ್ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಅವೆರಡು ದೇಶಗಳ ನಡುವೆ ಆಮೇಲೆ ಯುದ್ಧ ಆಗಿಲ್ಲ. ಪ್ಯಾಲೆಸ್ಟೀನ್ ಜನರ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಸಾದತ್ ಅವರನ್ನು 1981ರಲ್ಲಿ ಅವರದೇ ಸೈನಿಕರು ಕೊಂದರು.

ಶ್ವೇತಭವನದ ಮೇಲೆ ಸೋಲಾರ್ ಹಾಕಿಸಿದ್ದು ಇವರೇನಾ?

ಹೌದು, 1979ರಲ್ಲಿ 32 ಫಲಕ. ಕರೆಂಟಿಗಲ್ಲ, ನೀರು ಕಾಯಿಸಲು. ಇವರನ್ನು ಸೋಲಿಸಿ ಅಧ್ಯಕ್ಷರಾದ ರೇಗನ್ ಕಾಲದಲ್ಲಿ, 1986ರಲ್ಲಿ, ಚಾವಣಿ ರಿಪೇರಿಗೆ ಅಂತ ಇಳಿಸಿದವರು ಮತ್ತೆ ಹಾಕಲಿಲ್ಲ.

ಮೊಲ ದಾಳಿ ಮಾಡಿದ ಕಥೆ ಸುಳ್ಳು ಅಲ್ವಾ?

ಅರ್ಧ ನಿಜ. 1979ರಲ್ಲಿ ಊರಿನ ಹತ್ತಿರ ದೋಣಿಯಲ್ಲಿ ಕೂತು ಮೀನು ಹಿಡಿಯುತ್ತಿದ್ದಾಗ ಒಂದು ಮೊಲ ಈಜಿಕೊಂಡು ದೋಣಿಯ ಕಡೆ ಬಂತು. ಕಾರ್ಟರ್ ದೋಣಿ ನಡೆಸುವ ಹುಟ್ಟಿನಿಂದ ನೀರು ಚಿಮ್ಮಿಸಿ ಓಡಿಸಿದರು. ಅಷ್ಟೇ. ಪತ್ರಿಕೆಗಳು ಅದನ್ನು ವಾರಗಟ್ಟಲೆ ಎಳೆದಾಡಿದವು.

ಇರಾನ್ ಒತ್ತೆಯಾಳುಗಳ ಪ್ರಕರಣ ಏನು?

ಕಾರ್ಟರ್ ಮಾನವ ಹಕ್ಕುಗಳ ಬಗ್ಗೆ ಎಲ್ಲ ಕಡೆ ಮಾತಾಡಿದರು. ಆದರೆ 1977ರ ಡಿಸೆಂಬರ್ 31ರ ರಾತ್ರಿ ಟೆಹರಾನ್‌ನ ಔತಣದಲ್ಲಿ ಇರಾನಿನ ದೊರೆ ಶಾ ಪಕ್ಕ ನಿಂತು, ಅವನ ದೇಶವನ್ನು ಗಲಭೆಯ ನಡುವಿನ ಸ್ಥಿರತೆಯ ದ್ವೀಪ ಅಂತ ಹೊಗಳಿದರು. ಒಂದು ವರ್ಷ ಕಳೆಯುತ್ತಿದ್ದ ಹಾಗೆ ಶಾ ದೇಶ ಬಿಟ್ಟು ಓಡಬೇಕಾಯಿತು. 1979ರ ಅಕ್ಟೋಬರ್‌ನಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಶಾನನ್ನು ಅಮೆರಿಕಕ್ಕೆ ಬಿಟ್ಟುಕೊಂಡರು. ಅದರ ಸಿಟ್ಟಿಗೆ ನವೆಂಬರ್ 4ರಂದು ಟೆಹರಾನ್‌ನ ಅಮೆರಿಕನ್ ರಾಯಭಾರ ಕಚೇರಿಗೆ ವಿದ್ಯಾರ್ಥಿಗಳು ನುಗ್ಗಿದರು. 52 ಜನ 444 ದಿನ ಒತ್ತೆಯಲ್ಲಿದ್ದರು.

1980ರ ಏಪ್ರಿಲ್‌ನಲ್ಲಿ ಬಿಡಿಸಲು ಸೈನ್ಯ ಕಳಿಸಿದರು. ಹೋದದ್ದು ಎಂಟು ಹೆಲಿಕಾಪ್ಟರ್, ಕನಿಷ್ಠ ಬೇಕಿದ್ದದ್ದು ಆರು, ಮರುಭೂಮಿಯಲ್ಲಿ ಕೆಲಸ ಮಾಡುವ ಸ್ಥಿತಿಯಲ್ಲಿ ಉಳಿದದ್ದು ಐದು. ಕಾರ್ಯಾಚರಣೆ ರದ್ದಾಯಿತು. ವಾಪಸ್ ಹೊರಡುವಾಗ ಒಂದು ಹೆಲಿಕಾಪ್ಟರ್ ವಿಮಾನಕ್ಕೆ ಬಡಿದು ಎಂಟು ಸೈನಿಕರು ಸತ್ತರು. ಈ ದಾಳಿ ಬೇಡ ಅಂದಿದ್ದ ವಿದೇಶಾಂಗ ಸಚಿವ ಸೈರಸ್ ವ್ಯಾನ್ಸ್ ರಾಜೀನಾಮೆ ಕೊಟ್ಟರು. ಬಿಡುಗಡೆಯ ಮಾತುಕತೆಗಾಗಿ ಕಾರ್ಟರ್ ಅಧಿಕಾರದ ಕೊನೆಯ ರಾತ್ರಿಗಳನ್ನು ನಿದ್ದೆ ಇಲ್ಲದೆ ಕಳೆದರು. ಒತ್ತೆಯಾಳುಗಳ ವಿಮಾನ ಟೆಹರಾನ್ ಬಿಟ್ಟದ್ದು 1981ರ ಜನವರಿ 20ರಂದು, ರೇಗನ್ ಪ್ರಮಾಣವಚನ ಮುಗಿಸಿದ ಕೆಲವೇ ನಿಮಿಷಕ್ಕೆ.

ಸೋತದ್ದು ಇರಾನ್ ಕಾರಣಕ್ಕೇನಾ?

ಅದೊಂದೇ ಅಲ್ಲ. 1980ರಲ್ಲಿ ಹಣದುಬ್ಬರ ಶೇ. 13 ದಾಟಿತ್ತು. ಅದನ್ನು ಇಳಿಸಲು, ಕಾರ್ಟರ್ ನೇಮಿಸಿದ್ದ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಪಾಲ್ ವೋಲ್ಕರ್ ಬಡ್ಡಿ ದರವನ್ನು ಏರಿಸುತ್ತಾ ಹೋದರು. ಚುನಾವಣೆ ವರ್ಷದಲ್ಲಿ ಸಾಲ ದುಬಾರಿ, ಕೆಲಸ ಕಮ್ಮಿ. ಔಷಧ ಕೆಲಸ ಮಾಡಿತು, ಹೆಸರು ಮಾತ್ರ ರೇಗನ್‌ಗೆ ಹೋಯಿತು. ಎಲೆಕ್ಟೋರಲ್ ಮತಗಳಲ್ಲಿ ಫಲಿತಾಂಶ 489–49. ಕಾರ್ಟರ್ ಗೆದ್ದದ್ದು ಆರು ರಾಜ್ಯ ಮತ್ತು ರಾಜಧಾನಿ ಮಾತ್ರ.

ಭಾರತಕ್ಕೆ ಬಂದಿದ್ದರಾ? ಅವರ ಹೆಸರಿನ ಊರು ಎಲ್ಲಿದೆ?

ಟೆಹರಾನ್‌ನ ಆ ಔತಣ ಮುಗಿಸಿ ನೇರ ಬಂದದ್ದು ದೆಹಲಿಗೆ, 1978ರ ಜನವರಿ 1ಕ್ಕೆ. ಐಸೆನ್‌ಹೋವರ್, ನಿಕ್ಸನ್ ಆದ ಮೇಲೆ ಭಾರತಕ್ಕೆ ಬಂದ ಮೂರನೇ ಅಮೆರಿಕದ ಅಧ್ಯಕ್ಷ. ತುರ್ತು ಪರಿಸ್ಥಿತಿ ಮುಗಿದು ಮೊರಾರ್ಜಿ ದೇಸಾಯಿ ಪ್ರಧಾನಿಯಾಗಿದ್ದರು. ಸಂಸತ್ತಿನಲ್ಲಿ ಭಾಷಣ ಮಾಡಿದರು. ಗುರುಗ್ರಾಮದ ಹತ್ತಿರ ದೌಲತ್‌ಪುರ ನಾಸಿರಾಬಾದ್ ಎಂಬ ಹಳ್ಳಿಗೆ ಹೋದರು. ಊರಿನವರು ತಮ್ಮ ಹಳ್ಳಿಗೆ ಕಾರ್ಟರ್‌ಪುರಿ ಅಂತ ಹೆಸರಿಟ್ಟರು. ಇವತ್ತಿಗೂ ಅದೇ ಹೆಸರು.

ಒಂದು ಎಡವಟ್ಟೂ ಆಯಿತು. ತಾರಾಪುರ ಅಣುಸ್ಥಾವರಕ್ಕೆ ಅಮೆರಿಕದಿಂದ ಇಂಧನ ಬರಬೇಕಿತ್ತು, ಕಾರ್ಟರ್ ತಪಾಸಣೆಯ ಷರತ್ತು ಹಾಕುತ್ತಿದ್ದರು, ಮೊರಾರ್ಜಿ ಬಗ್ಗುತ್ತಿರಲಿಲ್ಲ. ಊರಿಗೆ ಹೋದ ಮೇಲೆ ಅವರಿಗೆ ಖಡಕ್ಕಾಗಿ ಒಂದು ಪತ್ರ ಬರೆಯಬೇಕು ಅಂತ ಕಾರ್ಟರ್ ವ್ಯಾನ್ಸ್ ಕಿವಿಯಲ್ಲಿ ಹೇಳಿದರು. ಮೈಕ್ ಆನ್ ಇತ್ತು.

ಅವರ ತಾಯಿ ಭಾರತದಲ್ಲಿ ಕೆಲಸ ಮಾಡಿದ್ದರಂತೆ, ನಿಜಾನಾ?

ನಿಜ. ಲಿಲಿಯನ್ ಕಾರ್ಟರ್ ನರ್ಸ್ ಆಗಿದ್ದವರು. ಗಂಡ ಹೋದ ಮೇಲೆ, 68ರ ವಯಸ್ಸಿನಲ್ಲಿ, ಅಮೆರಿಕದ ಸ್ವಯಂಸೇವಕರನ್ನು ಬೇರೆ ದೇಶಗಳಿಗೆ ಕಳಿಸುವ ಪೀಸ್ ಕೋರ್ ಸೇರಿ ಮುಂಬೈನ ವಿಕ್ರೋಳಿಗೆ ಬಂದರು. ಅಲ್ಲಿನ ಕಾರ್ಮಿಕರ ಕಾಲೊನಿಯ ದವಾಖಾನೆಯಲ್ಲಿ ಸುಮಾರು ಎರಡು ವರ್ಷ ದುಡಿದರು. ನಮ್ಮಲ್ಲಿ ಆ ವಯಸ್ಸಿಗೆ ಕಾಶಿಯಾತ್ರೆ ಯೋಚನೆ ಮಾಡುತ್ತಾರೆ. 1977ರಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಅಂತ್ಯಕ್ರಿಯೆಗೆ ಅಮೆರಿಕದ ಪರವಾಗಿ ಬಂದದ್ದೂ ಈ ತಾಯಿಯೇ.

ಮಾಜಿಯಾದ ಮೇಲೆ ಮಾಡಿದ ದೊಡ್ಡ ಕೆಲಸ ಯಾವುದು?

ನೊಬೆಲ್ ಶಾಂತಿ ಪ್ರಶಸ್ತಿ ಬಂತು 2002ರಲ್ಲಿ. ಬಡಿಗೆ ಸಾಮಾನು ಹಿಡಿದು ಬಡವರಿಗೆ ಮನೆ ಕಟ್ಟಿದ್ದರ ಫೋಟೋಗಳನ್ನು ಎಲ್ಲರೂ ನೋಡಿದ್ದೀರಿ. 2006ರಲ್ಲಿ ಲೋಣಾವಳ ಹತ್ತಿರ ಬಂದೂ ಕಟ್ಟಿದರು. ಆದರೆ ನನ್ನ ಪ್ರಕಾರ ದೊಡ್ಡ ಕೆಲಸ ನಾರು ಹುಣ್ಣು ಎಂಬ ಹುಳುವಿನ ರೋಗವನ್ನು ಓಡಿಸಲು ಮಾಡಿದ್ದು.

ಕೆರೆ, ಬಾವಿಯ ನೀರಿನಲ್ಲಿರುವ ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಯ ಒಳಗೆ ಈ ಹುಳುವಿನ ಮರಿ ಇರುತ್ತದೆ. ಆ ನೀರು ಕುಡಿದರೆ ಮೈಯೊಳಗೆ ವರ್ಷದಲ್ಲಿ ಒಂದು ಮೀಟರ್‌ವರೆಗೂ ಬೆಳೆಯುತ್ತದೆ. ಆಮೇಲೆ ಕಾಲಿನಲ್ಲಿ ಬೊಕ್ಕೆ ಎದ್ದು, ಒಡೆದು, ದಾರದ ಹಾಗೆ ಹೊರಗೆ ಬರುತ್ತದೆ. ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯಬೇಕು, ವಾರಗಟ್ಟಲೆ. ಉರಿ ತಡೆಯಲಾರದೆ ಕಾಲನ್ನು ನೀರಿಗಿಟ್ಟರೆ ಹುಳು ಸಾವಿರಾರು ಮರಿ ಬಿಡುತ್ತದೆ, ಮತ್ತೆ ಅದೇ ಸುತ್ತು. ಲಸಿಕೆ ಇಲ್ಲ, ಔಷಧ ಇಲ್ಲ. ಬಟ್ಟೆಯಲ್ಲಿ ನೀರು ಸೋಸಬೇಕು, ಹುಣ್ಣಾದವರು ಕೆರೆಗೆ ಇಳಿಯಬಾರದು. ಅಂದರೆ ಊರೂರಿಗೆ ಹೋಗಿ ಒಬ್ಬೊಬ್ಬರನ್ನೂ ಒಪ್ಪಿಸಬೇಕು. ವಾಷಿಂಗ್ಟನ್‌ಗೆ ಬೇಡವಾಗಿದ್ದ ಹಟ, ಚಿಕ್ಕಪುಟ್ಟದನ್ನೂ ಬಿಡದ ಗುಣ, ಇಂಥ ಕೆಲಸಕ್ಕೇ ಬೇಕಾದದ್ದು.

1982ರಲ್ಲಿ ಅಟ್ಲಾಂಟಾದಲ್ಲಿ ಶುರುವಾದ ಕಾರ್ಟರ್ ಸೆಂಟರ್ 1986ರಲ್ಲಿ ಇದನ್ನು ಕೈಗೆತ್ತಿಕೊಂಡಿತು. ಆಗ ವರ್ಷಕ್ಕೆ ಅಂದಾಜು 35 ಲಕ್ಷ ಜನಕ್ಕೆ ಈ ರೋಗ. 1995ರಲ್ಲಿ ಸುಡಾನ್‌ನ ಅಂತರ್ಯುದ್ಧವನ್ನೇ ಕೆಲ ತಿಂಗಳು ನಿಲ್ಲಿಸಿ ಸೋಸುವ ಬಟ್ಟೆ ಹಂಚಿಸಿದರು. 2024ರಲ್ಲಿ ಇಡೀ ಜಗತ್ತಿನಲ್ಲಿ ಕಂಡದ್ದು 15 ಪ್ರಕರಣ. ಕೊನೇ ಹುಳು ನನಗಿಂತ ಮೊದಲು ಸಾಯಬೇಕು ಅಂತ 2015ರಲ್ಲಿ ಹೇಳಿದ್ದರು. ಅದು ಆಗಲಿಲ್ಲ. ಆಫ್ರಿಕಾದಲ್ಲಿ ಈಗ ನಾಯಿಗಳಲ್ಲೂ ಈ ಹುಳು ಸಿಗುತ್ತಿದೆ.

ಕರ್ನಾಟಕದಲ್ಲೂ ನಾರು ಹುಣ್ಣು ಇತ್ತಲ್ಲ, ಅದನ್ನೂ ಅವರೇ ಓಡಿಸಿದರಾ?

ಇಲ್ಲ. ಉತ್ತರ ಕರ್ನಾಟಕದ ಹಿರಿಯರಿಗೆ ಈ ಹೆಸರು ಚೆನ್ನಾಗಿ ಗೊತ್ತು, ಮೆಟ್ಟಿಲು ಬಾವಿಗಳ ಕಾಲದ ರೋಗ. ಆದರೆ ಭಾರತ ಸರ್ಕಾರ ತನ್ನದೇ ನಿರ್ಮೂಲನಾ ಕಾರ್ಯಕ್ರಮವನ್ನು ಎಂಬತ್ತರ ದಶಕದ ಮೊದಲಲ್ಲೇ ಶುರು ಮಾಡಿತ್ತು. ದೇಶದ ಕೊನೇ ಪ್ರಕರಣ 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ಈ ರೋಗದಿಂದ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣ ಪತ್ರ ಕೊಟ್ಟಿತು. ಆ ಶ್ರೇಯಸ್ಸು ನಮ್ಮ ಆರೋಗ್ಯ ಕಾರ್ಯಕರ್ತರಿಗೇ ಸಲ್ಲಬೇಕು.

ಎಲ್ಲರೂ ಹೊಗಳುತ್ತಾರೆ. ಮಾಜಿಯಾದ ಮೇಲೆ ತಪ್ಪೇ ಮಾಡಲಿಲ್ವಾ?

ಆಯಾ ಕಾಲದ ಅಧ್ಯಕ್ಷರನ್ನು ಕೇಳಿದ್ದರೆ ಗೊತ್ತಾಗುತ್ತಿತ್ತು! 1990ರಲ್ಲಿ ಅಧ್ಯಕ್ಷ ಹಿರಿಯ ಬುಷ್ ಗಲ್ಫ್ ಯುದ್ಧಕ್ಕೆ ವಿಶ್ವಸಂಸ್ಥೆಯ ಒಪ್ಪಿಗೆ ಕೇಳುತ್ತಿದ್ದಾಗ, ಒಪ್ಪಬೇಡಿ ಅಂತ ಭದ್ರತಾ ಮಂಡಳಿಯ ದೇಶಗಳಿಗೆ ಇವರು ಪತ್ರ ಬರೆದರು. 1994ರಲ್ಲಿ ಉತ್ತರ ಕೊರಿಯಾಕ್ಕೆ ಹೋಗಿ ಕಿಮ್ ಇಲ್ ಸುಂಗ್ ಜೊತೆ ಮಾತಾಡಿ, ಕ್ಲಿಂಟನ್ ಸರ್ಕಾರ ಏನು ಹೇಳಬೇಕು ಅಂತ ತೀರ್ಮಾನಿಸುವ ಮೊದಲೇ ಟಿವಿಯಲ್ಲಿ ಎಲ್ಲ ಹೇಳಿಬಿಟ್ಟರು. ಯುದ್ಧದ ಭಯ ಇಳಿಯಿತು ನಿಜ. ಹೇಳದೆ ಕೇಳದೆ ಮುನ್ನುಗ್ಗುವ ಹಳೇ ಅಭ್ಯಾಸವೂ ಬಿಟ್ಟಿರಲಿಲ್ಲ.

ಅವರ ಊರನ್ನು ಹೋಗಿ ನೋಡಬಹುದಾ?

ಖಂಡಿತ. ಅಟ್ಲಾಂಟಾ ಕಡೆ ಕನ್ನಡಿಗರು ಬೇಕಾದಷ್ಟು ಜನ ಇದ್ದೀರಿ, ಅಲ್ಲಿಂದ ಕಾರಿನಲ್ಲಿ ದಕ್ಷಿಣಕ್ಕೆ ಸುಮಾರು ಎರಡೂವರೆ ಗಂಟೆ. ಪ್ಲೇನ್ಸ್‌ನಲ್ಲಿ ಆರುನೂರು ಜನರೂ ಇಲ್ಲ. ಅವರು ಓದಿದ ಹೈಸ್ಕೂಲು ಈಗ ಮ್ಯೂಸಿಯಂ. 1976ರ ಪ್ರಚಾರದ ಕಚೇರಿಯಾಗಿದ್ದ ಹಳೇ ರೈಲು ನಿಲ್ದಾಣ, ಆರ್ಚರಿಯ ಹೊಲಮನೆ, ಎಲ್ಲ ರಾಷ್ಟ್ರೀಯ ಉದ್ಯಾನ ಇಲಾಖೆಯ ಕೈಯಲ್ಲಿದೆ. ಕಾರ್ಟರ್ ಮತ್ತು ರೋಸಲಿನ್ ಸಮಾಧಿ 1961ರಲ್ಲಿ ಕಟ್ಟಿಸಿದ ಅವರ ಮನೆಯ ಆವರಣದಲ್ಲೇ ಇದೆ. ಮೊದಲು ಹೊಲಮನೆಗೆ ಹೋಗಿ. ಊರಿನೊಳಗಿನ ಜಾಗಗಳಿಗೆ ನಡೆದೇ ಹೋಗಬಹುದು.